ಸಂಬಳ ಇಪ್ಪತ್ತನೇ ತಾರೀಖಿಗೇ ಖಾಲಿ ಆಗುತ್ತಿದೆ. ಖರ್ಚನ್ನು ಶೀಟ್‌ನಲ್ಲಿ ಹೇಗೆ ಬರೆಯಬೇಕು, ಯಾವ ಚಾರ್ಟ್ ಹಾಕಬೇಕು?

ನೀವು ಕೇಳಿರುವುದು ಇಷ್ಟು. ಮೈಸೂರಿನಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ, ಶಾಲೆಗೆ ಹೋಗುವ ಒಂದು ಮಗು. ಒಂದನೇ ತಾರೀಖು ಸಂಬಳ ಬಂದರೆ ಇಪ್ಪತ್ತಕ್ಕೆಲ್ಲ ಕೈ ಖಾಲಿ. ಗೂಗಲ್ ಶೀಟ್ಸ್‌ನಲ್ಲಿ ಖರ್ಚು ಬರೆದು ಪೈ ಚಾರ್ಟ್ ಹಾಕಿ ನೋಡಿದಿರಿ. ದಿನಸಿ ಇಷ್ಟು, ಪೆಟ್ರೋಲ್ ಇಷ್ಟು ಅಂತ ಬಂತು. ಆದರೆ ದುಡ್ಡು ಯಾಕೆ ಸಾಲುತ್ತಿಲ್ಲ ಅನ್ನೋದು ಗೊತ್ತಾಗಲಿಲ್ಲ.

ನಮ್ಮ ಮನೆಯ ಜಮಾ-ಖರ್ಚನ್ನು ನಾನು ಹಲವು ವರ್ಷಗಳಿಂದ ಶೀಟ್‌ನಲ್ಲೇ ಇಟ್ಟಿದ್ದೇನೆ. ನೀವು ಬರೆದಿರುವ ಲೆಕ್ಕ ಸರಿಯಾಗಿಯೇ ಇದೆ. "ಇಪ್ಪತ್ತಕ್ಕೆ ಖಾಲಿ" ಅಂತ ನೀವೇ ಹೇಳಿದ್ದೀರಿ, ಅಂದರೆ ನಿಮ್ಮ ಪ್ರಶ್ನೆಯಲ್ಲೇ ತಾರೀಖು ಇದೆ. ಪೈ ಚಾರ್ಟಿನಲ್ಲಿ ತಾರೀಖಿಗೆ ಜಾಗವೇ ಇಲ್ಲ. ತಿಂಗಳ ಮೂವತ್ತು ದಿನವನ್ನೂ ಒಂದೇ ವೃತ್ತಕ್ಕೆ ತುಂಬಿದರೆ ಯಾವ ದಿನ ಏನಾಯಿತು ಅಂತ ಹೇಗೆ ಕಾಣಬೇಕು? ಇನ್ನೊಂದು ತೊಂದರೆಯೂ ಇದೆ. ನಮ್ಮ ಕಣ್ಣು ಕೋನಗಳನ್ನು ಅಷ್ಟು ಚೆನ್ನಾಗಿ ಅಳೆಯುವುದಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದೇ ಅಡಿಗೆರೆಯ ಮೇಲೆ ನಿಂತ ಕಂಬಗಳನ್ನು ಜನ ಸರಿಯಾಗಿ ಹೋಲಿಸುತ್ತಾರೆ, ಪೈ ತುಂಡುಗಳನ್ನು ಹೋಲಿಸುವಾಗ ಜಾಸ್ತಿ ತಪ್ಪುತ್ತಾರೆ.

ಹಾಗಾಗಿ ಮೊದಲು ಒಂದೇ ಒಂದು ಲೈನ್ ಚಾರ್ಟ್ ಮಾಡಿ. ಅಡ್ಡಕ್ಕೆ 1ರಿಂದ 31ರವರೆಗೆ ದಿನ. ಉದ್ದಕ್ಕೆ ಆ ದಿನದವರೆಗೆ ಒಟ್ಟು ಎಷ್ಟು ಖರ್ಚಾಗಿದೆ ಅನ್ನುವ ಮೊತ್ತ. ಪ್ರತಿ ತಿಂಗಳಿಗೂ ಒಂದು ಗೆರೆ. ಸಂಬಳದ ಮೊತ್ತಕ್ಕೆ ಮೇಲೆ ಒಂದು ನೇರ ಅಡ್ಡಗೆರೆ. ತಿಂಗಳ ಗೆರೆ ಆ ಅಡ್ಡಗೆರೆಯನ್ನು ಮುಟ್ಟಿದ ದಿನವೇ ನಿಮ್ಮ ಕೈ ಖಾಲಿಯಾದ ದಿನ.

ಅದನ್ನು ಓದುವುದು ಹೇಗೆ ಅಂತ ಒಂದು ಉದಾಹರಣೆ ಹಾಕಿ ಹೇಳುತ್ತೇನೆ. ಸಂಬಳ 52,000 ಅಂತ ಇಟ್ಟುಕೊಳ್ಳಿ. ಬಾಡಿಗೆ 15,000, ಸಾಲದ ಕಂತು 12,000, ದಿನಸಿ 6,000, ಚೀಟಿ 5,000, ಹಾಲು ಮತ್ತು ಶಾಲೆಯ ವ್ಯಾನ್ ಸೇರಿ 3,000. ಇವೆಲ್ಲ ಏಳನೇ ತಾರೀಖಿನ ಒಳಗೇ ಹೋಗುತ್ತವೆ. ಗೆರೆ ಒಂದೇ ವಾರದಲ್ಲಿ 41,000ಕ್ಕೆ ಜಿಗಿಯುತ್ತದೆ. ಉಳಿದ 11,000ದಲ್ಲಿ 24 ದಿನ ತಳ್ಳಬೇಕು ಅಂದರೆ ದಿನಕ್ಕೆ ಸುಮಾರು 450 ರೂಪಾಯಿ. ಇಪ್ಪತ್ತಕ್ಕೆ ಮುಗಿಯುತ್ತಿದೆ ಅಂದರೆ ನೀವು ದಿನಕ್ಕೆ 850ರ ಹತ್ತಿರ ಖರ್ಚು ಮಾಡುತ್ತಿದ್ದೀರಿ. ಇಂಥ ಮನೆಯಲ್ಲಿ ಕಾಫಿ ಬಿಟ್ಟರೆ, ಸ್ವಿಗ್ಗಿ ಬಿಟ್ಟರೆ ಒಂದಿಷ್ಟು ಉಳಿಯಬಹುದು. ಆದರೆ ನಿಜವಾದ ಭಾರ ಇರುವುದು ಮೊದಲ ವಾರದ ಕಂತಿನಲ್ಲಿ. ಸಾಲದ ಅವಧಿ, ಚೀಟಿಯ ಮೊತ್ತ, ಬಾಡಿಗೆ, ಇವುಗಳಲ್ಲಿ ಒಂದನ್ನಾದರೂ ಅಲ್ಲಾಡಿಸದೆ ಆಗುವುದಿಲ್ಲ.

ಅದೇ ಗೆರೆ ಏಳನೇ ತಾರೀಖಿಗೆ 26,000ದಲ್ಲಿ ಇದ್ದು, ಆಮೇಲೆ ದಿನಾ ಎರಡೆರಡು ಸಾವಿರ ಏರುತ್ತಾ ಹೋದರೆ ಅದು ಬೇರೆಯೇ ಮನೆ. ಅಲ್ಲಿ ದಿನದ ಮೇಲುಖರ್ಚನ್ನೇ ನೋಡಬೇಕು. ಇನ್ನು ಕೆಲವರ ಗೆರೆ ಸುಮ್ನೆ ನಿಧಾನ ಏರುತ್ತಾ ಇದ್ದು, ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಒಂದೇ ಏಟಿಗೆ ಜಿಗಿಯುತ್ತದೆ. ಅದು ಬಹುಪಾಲು ಕ್ರೆಡಿಟ್ ಕಾರ್ಡ್ ಬಿಲ್. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಈಗ ಶೀಟ್. ಒಂದು ಖರ್ಚಿಗೆ ಒಂದು ಸಾಲು, ಅಷ್ಟೇ. ತಿಂಗಳಿಗೊಂದು ಹಾಳೆ ಮಾಡಬೇಡಿ, ಎಲ್ಲ ತಿಂಗಳೂ ಒಂದೇ ಹಾಳೆಯಲ್ಲಿ ಕೆಳಕ್ಕೆ ಬೆಳೆಯಲಿ. ಕಾಲಂಗಳು: ತಾರೀಖು, ಮೊತ್ತ, ಬಾಬತ್ತು, ಸಂದರ್ಭ, ವಿವರ. ಪಕ್ಕದಲ್ಲಿ ಇನ್ನೆರಡು ಕಾಲಂ ಫಾರ್ಮುಲಾದಿಂದ ತಾವೇ ತುಂಬಿಕೊಳ್ಳಲಿ. ಒಂದರಲ್ಲಿ 2025-06 ಅನ್ನುವ ಹಾಗೆ ವರ್ಷ ಮತ್ತು ತಿಂಗಳು (ಟೆಕ್ಸ್ಟ್ ಫಾರ್ಮುಲಾ), ಇನ್ನೊಂದರಲ್ಲಿ ಬರೀ ದಿನದ ಸಂಖ್ಯೆ (ಡೇ ಫಾರ್ಮುಲಾ). ಇವೆರಡು ಇದ್ದರೆ ಸಮ್‌ಇಫ್ಸ್ (SUMIFS) ಫಾರ್ಮುಲಾಗೆ ಕೆಲಸ ಸುಲಭ. "ತಿಂಗಳು ಇದು, ದಿನ ಇದಕ್ಕಿಂತ ಕಡಿಮೆ ಅಥವಾ ಸಮ, ಇಂಥ ಸಾಲುಗಳ ಮೊತ್ತ ಕೂಡು" ಅಂತ ಕೇಳಿದರೆ ಮೇಲೆ ಹೇಳಿದ ಗೆರೆಗೆ ಬೇಕಾದ ಸಂಖ್ಯೆ ಬರುತ್ತದೆ.

ಬಾಬತ್ತು ಹತ್ತಕ್ಕಿಂತ ಜಾಸ್ತಿ ಬೇಡ. ಅದನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಡ್ರಾಪ್‌ಡೌನ್ ಇಡಿ. ಒಂದು ಕಡೆ "ತರಕಾರಿ" ಇನ್ನೊಂದು ಕಡೆ "ತರ್ಕಾರಿ" ಅಂತ ಆದರೆ ಶೀಟ್ ಅವನ್ನು ಎರಡು ಬೇರೆ ಬಾಬತ್ತು ಅಂತಲೇ ತಿಳಿಯುತ್ತದೆ.

ದಿನಾ ಬರೆಯುವ ಅಗತ್ಯವಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಎಳನೀರಿನಿಂದ ಆಟೋವರೆಗೆ ಎಲ್ಲದಕ್ಕೂ ಬ್ಯಾಂಕಿನಲ್ಲೇ ದಾಖಲೆ ಇರುತ್ತದೆ. ವಾರಕ್ಕೊಮ್ಮೆ ನೆಟ್ ಬ್ಯಾಂಕಿಂಗ್‌ನಿಂದ ಸ್ಟೇಟ್‌ಮೆಂಟನ್ನು ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಇಳಿಸಿಕೊಂಡು ಅಂಟಿಸಿ. ಭಾನುವಾರ ಸಂಜೆಯ ಕೆಲಸ ಅಂತ ಇಟ್ಟುಕೊಂಡರೆ ಸಾಕು. ವಾರಕ್ಕಿಂತ ಜಾಸ್ತಿ ಬಿಡಬೇಡಿ, ಯಾಕೆಂದರೆ ಸ್ಟೇಟ್‌ಮೆಂಟಿನಲ್ಲಿ ಎಷ್ಟೋ ಸಲ ಅಂಗಡಿಯ ಹೆಸರು ಇರುವುದಿಲ್ಲ. ಕ್ಯೂಆರ್ ಕೋಡ್ ಯಾರ ಖಾತೆಯದೋ ಅವರ ಹೆಸರು ಇರುತ್ತದೆ. ಸೊಪ್ಪಿನ ಅಜ್ಜಿಗೆ ಕೊಟ್ಟ ನಲವತ್ತು ರೂಪಾಯಿ ಅವರ ಮೊಮ್ಮಗನ ಹೆಸರಿನಲ್ಲಿ ಬಂದಿರುತ್ತದೆ. ಒಂದು ವಾರದೊಳಗಾದರೆ "ಓ, ಇದು ಸೊಪ್ಪು" ಅಂತ ನೆನಪಾಗುತ್ತದೆ. ತಿಂಗಳಾದರೆ ಯಾರೋ ಅಪರಿಚಿತರಿಗೆ ದುಡ್ಡು ಕಳಿಸಿದ ಹಾಗೆ ಕಾಣುತ್ತದೆ.

ಸ್ಟೇಟ್‌ಮೆಂಟ್ ಅಂಟಿಸಿದ ಮೇಲೆ ಎರಡು ವಿಷಯ ನೋಡಲೇಬೇಕು. ಮೊದಲನೆಯದು ತಾರೀಖು. ಶೀಟ್‌ನ ಲೊಕೇಲ್ (ಯಾವ ದೇಶದ ಪದ್ಧತಿ ಅನ್ನುವ ಸೆಟ್ಟಿಂಗ್) ಅಮೆರಿಕ ಅಂತ ಇದ್ದರೆ 05/06 ಅನ್ನುವುದನ್ನು ಅದು ಮೇ ಆರು ಅಂತ ಓದುತ್ತದೆ, ನೀವು ಖರ್ಚು ಮಾಡಿದ್ದು ಜೂನ್ ಐದಕ್ಕೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಅನ್ನು ಇಂಡಿಯಾ ಮಾಡಿ. ಎರಡನೆಯದು ಮೊತ್ತ. ಕೆಲವು ಬ್ಯಾಂಕಿನ ಫೈಲಿನಲ್ಲಿ ಸಂಖ್ಯೆ ಅಕ್ಷರದ ರೂಪದಲ್ಲಿ ಬಂದಿರುತ್ತದೆ. ನೋಡಲು 1,250 ಅಂತಲೇ ಇರುತ್ತದೆ, ಕೂಡಿದರೆ ಸೊನ್ನೆ. ಸಂಖ್ಯೆ ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಅದು ಅಕ್ಷರ, ಬಲಕ್ಕಿದ್ದರೆ ಸಂಖ್ಯೆ. ಬಹಳ ಜನ ಇಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ನಗದಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಟಿಎಂನಿಂದ ಎರಡು ಸಾವಿರ ತೆಗೆದರೆ "ನಗದು" ಅಂತ ಒಂದು ಸಾಲು ಸಾಕು. ಕ್ರೆಡಿಟ್ ಕಾರ್ಡ್ ಇದ್ದರೆ ಮಾತ್ರ ಎಚ್ಚರ. ಸಾಮಾನು ಕೊಂಡಾಗಲೂ ಬರೆದು, ಬಿಲ್ ಕಟ್ಟಿದಾಗಲೂ ಬರೆದರೆ ಒಂದೇ ದುಡ್ಡು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನಾನು ಬಿಲ್ಲನ್ನೇ ನಾಲ್ಕೈದು ಸಾಲಾಗಿ ಒಡೆದು ಬರೆಯುತ್ತೇನೆ: ಬಟ್ಟೆ ಇಷ್ಟು, ಔಷಧಿ ಇಷ್ಟು, ಪೆಟ್ರೋಲ್ ಇಷ್ಟು. ಎಲ್ಲಕ್ಕೂ ಬಿಲ್ ಕಟ್ಟಿದ ತಾರೀಖನ್ನೇ ಹಾಕುತ್ತೇನೆ. ಬಾಬತ್ತೂ ಸರಿ ಬರುತ್ತದೆ, ದಿನದ ಗೆರೆಯೂ ಸರಿ ಬರುತ್ತದೆ. ಚೀಟಿಗೆ "ಉಳಿತಾಯ" ಅಂತ ಬಾಬತ್ತು ಕೊಡಿ. ಚೀಟಿ ಎತ್ತಿದ ತಿಂಗಳು ಬಂದ ದುಡ್ಡನ್ನು ಸಂಬಳದ ಜೊತೆ ಸೇರಿಸಬೇಡಿ, ಆ ತಿಂಗಳು ನೀವು ಜಾಸ್ತಿ ಸಂಪಾದಿಸಿಲ್ಲ.

ಇಷ್ಟು ಮಾಡಿದರೆ ತಿಂಗಳ ಚಿತ್ರ ಸಿಗುತ್ತದೆ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ವರ್ಷದ ಚಿತ್ರ. ನಮ್ಮ ಕಡೆ ಮನೆಯ ಖರ್ಚು ಕ್ಯಾಲೆಂಡರ್ ಜೊತೆ ನಡೆಯುತ್ತದೆ. ಏಪ್ರಿಲ್, ಮೇನಲ್ಲಿ ಮದುವೆಗಳು: ಮುಯ್ಯಿ, ಸೀರೆ, ಓಡಾಟ. ಜೂನ್ ಅಂದರೆ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್, ಶೂ. ಆಷಾಢದಲ್ಲಿ ಮದುವೆ ಇಲ್ಲ ಅಂತ ಉಸಿರು ಬಿಡುವಷ್ಟರಲ್ಲಿ ಬಟ್ಟೆ ಅಂಗಡಿಗಳ ಆಷಾಢ ಸೇಲ್. ಆಮೇಲೆ ವರಮಹಾಲಕ್ಷ್ಮಿ, ಗೌರಿ-ಗಣೇಶ. ನೀವು ಮೈಸೂರಿನವರು, ದಸರಾಗೆ ನೆಂಟರು ಬರದೇ ಇರುತ್ತಾರಾ? ಮಧ್ಯೆ ಎಲ್ಲೋ ಗಾಡಿಯ ಇನ್ಶೂರೆನ್ಸ್, ಎಲ್‌ಐಸಿ ಕಂತು.

ಇವನ್ನು "ಅಕಸ್ಮಾತ್ ಬಂದ ಖರ್ಚು" ಅಂತ ನಾವು ಬದಿಗಿಡುತ್ತೇವೆ. ಒಮ್ಮೆ ಕೂಡಿ ನೋಡಿ. ಶಾಲೆಗೆ 48,000, ವಿಮೆ ಕಂತಿಗೆ 24,000, ಮದುವೆ-ಮುಂಜಿಗೆ 18,000, ಹಬ್ಬದ ಬಟ್ಟೆಗೆ 15,000, ಗಾಡಿಗೆ 9,000, ಡಾಕ್ಟರಿಗೆ 6,000 ಅಂತಿದ್ದರೆ ವರ್ಷಕ್ಕೆ 1,20,000. ತಿಂಗಳಿಗೆ ಹಂಚಿದರೆ ಹತ್ತು ಸಾವಿರ. 52,000 ಸಂಬಳದ ಮನೆ ನಡೆಸಬೇಕಾಗಿರುವುದು 42,000ದಲ್ಲಿ. ಇದು ಗೊತ್ತಿಲ್ಲದೆ ಎಷ್ಟು ಬಿಗಿಹಿಡಿದರೂ ಜೂನ್‌ನಲ್ಲಿ ಕೈಸಾಲ ಮಾಡಲೇಬೇಕಾಗುತ್ತದೆ, ಜುಲೈ ಸಂಬಳ ಆ ಸಾಲಕ್ಕೆ ಹೋಗುತ್ತದೆ, ಇಪ್ಪತ್ತಕ್ಕೆ ಕೈ ಖಾಲಿಯಾಗುತ್ತದೆ. ನಿಮ್ಮ ಮನೆಯಲ್ಲೂ ಇದೇ ಆಗುತ್ತಿರಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇದಕ್ಕೇ "ಸಂದರ್ಭ" ಅನ್ನುವ ಕಾಲಂ ಇಡಿ ಅಂದಿದ್ದು. ಮಾಮೂಲಿ ಖರ್ಚಿಗೆ "ತಿಂಗಳು" ಅಂತ ಬರೆಯಿರಿ, ಉಳಿದದ್ದಕ್ಕೆ ಶಾಲೆ, ಮದುವೆ, ಗಣೇಶ, ದಸರಾ ಅಂತ ಬರೆಯಿರಿ. ಸಾಲುಗಳನ್ನು ಗುಂಪು ಮಾಡಿ ತಾನೇ ಮೊತ್ತ ಕೂಡಿಕೊಡುವ ಪಿವಟ್ ಟೇಬಲ್‌ನಲ್ಲಿ ಸಾಲಿಗೆ ತಿಂಗಳು, ಕಾಲಂಗೆ ಸಂದರ್ಭ, ಮೌಲ್ಯಕ್ಕೆ ಮೊತ್ತ ಕೊಟ್ಟು, ಒಂದರ ಮೇಲೊಂದು ಕೂರುವ ಕಂಬಗಳ ಚಾರ್ಟ್ ಹಾಕಿ. ಕೆಳಗಿನ "ತಿಂಗಳು" ಭಾಗ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ನಿಂತು, ಅದರ ಮೇಲೆ ಹಬ್ಬ-ಹರಿದಿನಗಳು ಬೇರೆ ಬೇರೆ ಬಣ್ಣದಲ್ಲಿ ಏರಿಳಿಯುವುದು ಕಾಣುತ್ತದೆ.

ಹೋದ ವರ್ಷದ ಜೊತೆ ಹೋಲಿಸುವಾಗ ಒಂದು ಮಾತು. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಬರೀ ಆಗಸ್ಟ್‌ಗೆ ಆಗಸ್ಟ್ ಹೋಲಿಸಿದರೆ "ಈ ಸಲ ಖರ್ಚು ಜಾಸ್ತಿ ಆಗಿದೆ" ಅಂತ ಸುಮ್ನೆ ಗಾಬರಿ ಬೀಳುತ್ತೀರಿ. ಸಂದರ್ಭದ ಹೆಸರಿದ್ದರೆ ಹಬ್ಬಕ್ಕೆ ಹಬ್ಬವನ್ನೇ ಹೋಲಿಸಬಹುದು.

ಕರೆಂಟಿಗೆ ಮಾತ್ರ ರೂಪಾಯಿಯ ಜೊತೆ ಯೂನಿಟ್ ಕೂಡ ಬರೆಯಿರಿ. ನೀವು ಗೃಹಜ್ಯೋತಿಯಲ್ಲಿದ್ದರೆ ಬಿಲ್ ಸೊನ್ನೆ ಅಂತ ಬರುತ್ತಿರಬಹುದು, ರೂಪಾಯಿಯ ಚಾರ್ಟ್ ಏನೂ ಹೇಳುವುದಿಲ್ಲ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್ಟಿನ ಕಂಬಗಳನ್ನು ಹಾಕಿ 200ಕ್ಕೆ ಒಂದು ಗೆರೆ ಎಳೆದಿಟ್ಟರೆ ಬೇಸಿಗೆಗೆ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು, ಇದು ಲೆಕ್ಕಕ್ಕಿಂತ ಮನೆಗೆ ಸಂಬಂಧಿಸಿದ್ದು. ಶೀಟನ್ನು ನಿಮ್ಮ ಮನೆಯವರ ಜೊತೆ ಶೇರ್ ಮಾಡಿ, ಇಬ್ಬರೂ ಬರೆಯಿರಿ. ಆದರೆ "ಯಾರು ಖರ್ಚು ಮಾಡಿದ್ದು" ಅನ್ನುವ ಕಾಲಂ ದಯವಿಟ್ಟು ಇಡಬೇಡಿ. ಅದನ್ನಿಟ್ಟ ದಿನದಿಂದ ಶೀಟ್ ಜಗಳದ ಸಾಕ್ಷಿಯಾಗುತ್ತದೆ. ಮನೆ ಇಬ್ಬರದೂ ಅಲ್ವಾ, ಹಾಗೇ ಖರ್ಚೂ ಇಬ್ಬರದೇ.

ಎಸ್ಎಂಎಸ್ ಓದಿ ತಾನೇ ಲೆಕ್ಕ ಹಾಕುವ ಆ್ಯಪ್‌ಗಳೂ ಇವೆ. ಒಟಿಪಿ ಬರುವುದೂ ಅದೇ ಎಸ್ಎಂಎಸ್‌ನಲ್ಲಿ ಆದ್ದರಿಂದ ನಾನು ಅವಕ್ಕೆ ಅನುಮತಿ ಕೊಡುವುದಿಲ್ಲ. ಗೂಗಲ್ ಶೀಟ್ಸ್ ಬೇಡ, ಎಲ್ಲ ನಮ್ಮ ಕಂಪ್ಯೂಟರಿನಲ್ಲೇ ಇರಲಿ ಅನ್ನಿಸಿದರೆ ಲಿಬ್ರೆಆಫೀಸ್ ಕ್ಯಾಲ್ಕ್ ಉಚಿತ, ಮೇಲೆ ಹೇಳಿದ್ದೆಲ್ಲ ಅದರಲ್ಲೂ ಆಗುತ್ತದೆ. ಮುಂದಿನ ಒಂದನೇ ತಾರೀಖಿಗೆ ಕಾಯಬೇಡಿ. ಇವತ್ತೇ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿ, ಬರೀ ತಾರೀಖು ಮತ್ತು ಮೊತ್ತ ಅಂಟಿಸಿ ದಿನದ ಗೆರೆ ಹಾಕಿ. ಅದಕ್ಕೆ ಬಾಬತ್ತು ಕೂಡ ಬೇಕಿಲ್ಲ. ಗೆರೆ ಹೇಗೆ ಬಂತು, ಎಲ್ಲಿ ಜಿಗಿಯಿತು ಅಂತ ಇಲ್ಲಿ ಬರೆದರೆ ಮುಂದಿನದನ್ನು ಖಂಡಿತ ಹೇಳುತ್ತೇನೆ.