ಮೆಕ್ಸಿಕೋದ ಹಳೆಯ ಮೆಟಾಟೆ ಕೊಳ್ಳುವಾಗ ಏನು ನೋಡಬೇಕು?

ಮೊದಲು ಸವೆತ ನೋಡಿ. ಮೆಟಾಟೆ ಎಂದರೆ ಮೆಕ್ಕೆಜೋಳ ಅರೆಯುವ ಕಲ್ಲು, ಸಾಮಾನ್ಯವಾಗಿ ಮೂರು ಕಾಲಿನದು, ಜ್ವಾಲಾಮುಖಿ ಶಿಲೆಯದು. ಅದರ ಮೇಲಿನ ಗುಂಡು 'ಮಾನೋ'. ನಮ್ಮ ಒರಳಿನ ಗುಂಡಿನಂತೆ ಇದು ಸುತ್ತುವುದಿಲ್ಲ, ಹಿಂದೆ ಮುಂದೆ ಓಡುತ್ತದೆ. ಹಾಗಾಗಿ ಬಳಸಿದ ಕಲ್ಲು ಆ ದಿಕ್ಕಿನಲ್ಲೇ ತಗ್ಗಾಗಿರುತ್ತದೆ, ಮಾನೋದ ತಳವೂ ಅದಕ್ಕೆ ಹೊಂದುವಂತೆ ಸವೆದಿರುತ್ತದೆ. ಉಳಿ ಗುರುತು ಕಂಡ ಮಾತ್ರಕ್ಕೆ ಹೊಸದು ಎನ್ನಬೇಡಿ. ನುಣುಪಾದ ಕಲ್ಲಿಗೆ ಮತ್ತೆ ಮುಳ್ಳು ಹೊಡೆಯುವ ರೂಢಿ ಅಲ್ಲೂ ಇದೆ.

'ಪ್ರಾಚೀನ' ಎಂದು ಮಾರುವವರನ್ನು ನಾನಂತೂ ನಂಬುವುದಿಲ್ಲ. ಮೆಟಾಟೆಗಳನ್ನು ಇಂದಿಗೂ ಕೆತ್ತುತ್ತಾರೆ. ನಿಜಕ್ಕೂ ಸ್ಪ್ಯಾನಿಷರ ಮುಂಚಿನದಾದರೆ ತೊಂದರೆ ಇನ್ನೂ ದೊಡ್ಡದು: 1972ರ ಕಾಯ್ದೆಯಂತೆ ಅದು ಮೆಕ್ಸಿಕೋ ರಾಷ್ಟ್ರದ ಸ್ವತ್ತು, ಹೊರಗೆ ಸಾಗಿಸುವಂತಿಲ್ಲ. ಯಾವುದೋ ಮನೆಯ ಅಜ್ಜಿ ಬಳಸಿದ ಕಲ್ಲು ಕೊಳ್ಳುವುದೇ ಕ್ಷೇಮ.

ಕೊಂಡದ್ದು ನಿಜಕ್ಕೂ ಹಳೆಯದೆನಿಸಿದರೆ ತಿಕ್ಕಿ ತೊಳೆಯಬೇಡಿ. ಮೆಕ್ಸಿಕೋದ ಬಾಲ್ಸಾಸ್ ಕಣಿವೆಯಲ್ಲಿ ಸುಮಾರು 8,700 ವರ್ಷ ಹಿಂದೆ ಮೆಕ್ಕೆಜೋಳ ಇತ್ತೆಂದು ಗೊತ್ತಾದದ್ದೇ ಅರೆಯುವ ಕಲ್ಲುಗಳ ಸಂದಿಯಲ್ಲಿ ಉಳಿದಿದ್ದ ಪಿಷ್ಟದ ಕಣಗಳಿಂದ.