ಓದುಗರ ಪ್ರಶ್ನೆ: ‘ಆಮೇಲೆ ತಿಳಿಸ್ತೀವಿ’ ಅಂದ ಮೇಲೆ

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಅಕೌಂಟೆಂಟ್ ಬೇಕೆಂದು ಪ್ರಕಟಣೆ ಕೊಟ್ಟರೆ 140 ಅರ್ಜಿ ಬಂದಿವೆ. ಎಲ್ಲರಿಗೂ ಉತ್ತರ ಬರೆಯುತ್ತ ಕೂತರೆ ಭತ್ತದ ಲೆಕ್ಕ ನೋಡುವವರು ಯಾರು?

ಉತ್ತರ: ಎಲ್ಲರಿಗೂ ಪತ್ರ ಬೇಡ, ಎರಡು ಸಾಲು ಸಾಕು. ಆದರೆ ಅದು ತಲುಪಬೇಕು. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ನೆಚ್ಚಬೇಡಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ಹೋಗುತ್ತದೆ, ಅರ್ಜಿ ಹಾಕಿದವರಲ್ಲಿ ಎಷ್ಟು ಜನ ಸೇವ್ ಮಾಡಿಕೊಂಡಿರುತ್ತಾರೆ? ಮಾಮೂಲಿ ಎಸ್ಸೆಮ್ಮೆಸ್ಸೇ ಸರಿ. ದಿನಕ್ಕೆ 100 ಮಿತಿ ಇರುವ ಪ್ಯಾಕುಗಳೇ ಹೆಚ್ಚು, ಹಾಗಾಗಿ ಎರಡು ದಿನ ಹಿಡಿಯುತ್ತದೆ. ಕನ್ನಡದಲ್ಲಿ 70 ಅಕ್ಷರ ದಾಟಿದರೆ ಒಂದೇ ಸಂದೇಶವನ್ನು ಎರಡೆಂದು ಎಣಿಸುತ್ತಾರೆ; ಗುಣಿತ, ಒತ್ತುಗಳೂ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ‘ನಿಮ್ಮ ಅರ್ಜಿ ತಲುಪಿದೆ. 20ರೊಳಗೆ ಕರೆ ಬರದಿದ್ದರೆ ಈ ಸಲ ಇಲ್ಲ.’ ಇಷ್ಟು ಬರೆದರೂ ಗಿರಣಿಯ ಹೆಸರಿಗೆ ಜಾಗ ಉಳಿಯುತ್ತದೆ. ಹೆಸರು ಮಾತ್ರ ಬಿಡಬೇಡಿ. ಹತ್ತು ಕಡೆ ಅರ್ಜಿ ಹಾಕಿದವರಿಗೆ ಇದು ಯಾರ ಉತ್ತರ ಎಂದು ತಿಳಿಯಬೇಕಲ್ಲ.

ಸಂದರ್ಶನಕ್ಕೆ ಬಂದು ಹೋದವರ ಮಾತು ಬೇರೆ. ಅವರು ಒಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಂಡು ಬಂದಿರುತ್ತಾರೆ. ಎಲ್ಲರನ್ನೂ ಬೆಳಿಗ್ಗೆ 10ಕ್ಕೇ ಕರೆಸಿ ಬೆಂಚಿನ ಮೇಲೆ ಕೂರಿಸುವ ಬದಲು 20 ನಿಮಿಷಕ್ಕೊಬ್ಬರಂತೆ ಸಮಯ ಕೊಡಿ, ದೂರದ ಲಿಂಗಸುಗೂರು ಕಡೆಯಿಂದ ಬರುವವರಿಗೆ ಮಧ್ಯಾಹ್ನದ್ದು. ಬೇಡವೆಂದಾಗ ಕೆಲಸಕ್ಕೆ ಸಂಬಂಧಿಸಿದ ಕಾರಣವನ್ನೇ ಹೇಳಿ: ‘ಟ್ಯಾಲಿ ಬರುತ್ತದೆ, ಜಿಎಸ್‌ಟಿ ರಿಟರ್ನ್ ಮಾಡಿದ ಅನುಭವ ಸಾಲದು’ ಎಂಬಂತೆ. ಎರಡನೆಯ ಆಯ್ಕೆಯವರನ್ನು ಸುಮ್ಮನೆ ಕಾಯಿಸಬೇಡಿ. ‘ಮೊದಲನೆಯವರು 1ನೇ ತಾರೀಖು ಸೇರದಿದ್ದರೆ ನಿಮಗೆ ಫೋನ್ ಮಾಡುತ್ತೇವೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ.

ಪ್ರಶ್ನೆ: ರಾಯಚೂರು ಜಿಲ್ಲೆಯ ಸಣ್ಣ ಗುತ್ತಿಗೆದಾರ ನಾನು. 40 ಲಕ್ಷದ ಸಿಸಿ ರಸ್ತೆ ಟೆಂಡರಿನಲ್ಲಿ ನನ್ನ ತಾಂತ್ರಿಕ ಬಿಡ್ (ಅರ್ಹತೆ, ಅನುಭವದ ದಾಖಲೆಗಳ ಭಾಗ) ತಿರಸ್ಕೃತವಾಗಿದೆ. ಕಚೇರಿಯಲ್ಲಿ ಕಾರಣ ಕೇಳಿದರೆ ‘ಮೇಲಿನವರನ್ನು ಕೇಳಿ’ ಅನ್ನುತ್ತಾರೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲೇ?

ಉತ್ತರ: ಹಾಕಿ, ಆದರೆ ಅದನ್ನೇ ಕಾಯುತ್ತ ಕೂರಬೇಡಿ. ಬಹಳ ಜನ ಎಡವುವುದು ಇಲ್ಲೇ. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಗಡುವು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರ 16ನೇ ಸೆಕ್ಷನ್ ಪ್ರಕಾರ ತಿರಸ್ಕಾರದ ವಿರುದ್ಧ ಮೇಲ್ಮನವಿಗೂ ಆದೇಶ ಕೈಸೇರಿದಂದಿನಿಂದ 30 ದಿನವೇ. ಅದು ಬರುವಷ್ಟರಲ್ಲಿ ಇದು ಮುಗಿದಿರುತ್ತದೆ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸಲು ಅವಕಾಶವಿದೆ, ಆದರೆ ‘ಕಚೇರಿಗೆ ಅಲೆಯುತ್ತಿದ್ದೆ’ ಅನ್ನುವುದು ಅಲ್ಲಿ ನಿಲ್ಲುವುದು ಕಷ್ಟ.

ಇವತ್ತೇ ಮಾಡಬೇಕಾದದ್ದು: ರಾಜ್ಯ ಸರ್ಕಾರದ ಟೆಂಡರ್ ತಾಣವಾದ ಕೆಪಿಪಿಪಿ ಪೋರ್ಟಲ್‌ಗೆ ನಿಮ್ಮ ಲಾಗಿನ್‌ನಲ್ಲಿ ಹೋಗಿ, ಆ ಟೆಂಡರಿನ ಮೌಲ್ಯಮಾಪನದ ಪುಟ ತೆರೆದು ಪ್ರಿಂಟ್ ತೆಗೆದಿಡಿ, ತಾರೀಖು ಕಾಣುವಂತೆ. ನೀವೇ ಅಪ್‌ಲೋಡ್ ಮಾಡಿದ ಫೈಲುಗಳನ್ನೂ ಒಂದೊಂದಾಗಿ ತೆರೆದು ನೋಡಿ. ಖಾಲಿ ಹಾಳೆಯ ಸ್ಕ್ಯಾನು, ಹಿಂದಿನ ವರ್ಷದ ವಹಿವಾಟು ಪ್ರಮಾಣಪತ್ರ, ಅಧಿಕಾರಿಯ ಸಹಿ ಇಲ್ಲದ ಕೆಲಸದ ಅನುಭವ ಪತ್ರ ಇವೇ ಸಾಮಾನ್ಯ ತಪ್ಪುಗಳು. ಇಂಥದ್ದು ಸಿಕ್ಕರೆ ಮೇಲ್ಮನವಿಗೆ ದುಡ್ಡು ಸುರಿಯಬೇಡಿ.

ಅದೂ ಸರಿಯಿದ್ದರೆ, ನಿಮ್ಮ ಟೆಂಡರಿನಲ್ಲಿ ಆ ಷರತ್ತು ಇದ್ದಲ್ಲಿ, ಟೆಂಡರ್ ಸಾಮರ್ಥ್ಯದ ಲೆಕ್ಕ ನೋಡಿ, ಅಂದರೆ ಇನ್ನೆಷ್ಟು ಮೊತ್ತದ ಕೆಲಸ ನೀವು ಹೊರಬಲ್ಲಿರಿ ಎಂಬುದು. ಸಾಮಾನ್ಯ ಸೂತ್ರ ಎ×ಎನ್×1.5–ಬಿ. ಎ ಎಂದರೆ ಕಳೆದ 5 ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತ. ಎನ್ ಹೊಸ ಕಾಮಗಾರಿಯ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಆ ಅವಧಿಯಲ್ಲಿ ನೀವು ಮುಗಿಸಬೇಕಾದ ಹಳೆಯ ಕೆಲಸಗಳ ಮೊತ್ತ. ಉದಾಹರಣೆಗೆ ಎ 80 ಲಕ್ಷ, ಅವಧಿ 6 ತಿಂಗಳು ಅಂದರೆ 0.5. ಗುಣಿಸಿದರೆ 60 ಲಕ್ಷ. ಕೈಯಲ್ಲಿ ಒಟ್ಟು 30 ಲಕ್ಷದ ಕೆಲಸ ಬಾಕಿಯಿದ್ದು, ಈ 6 ತಿಂಗಳಲ್ಲಿ ಮುಗಿಸಬೇಕಾದದ್ದು 15 ಲಕ್ಷ ಮಾತ್ರ ಎಂದಿಟ್ಟುಕೊಳ್ಳಿ. 15 ಕಳೆದರೆ 45 ಲಕ್ಷ, ಪಾಸು. ಇಡೀ 30 ಕಳೆದರೆ ಉಳಿಯುವುದು 30, 40 ಲಕ್ಷದ ಕಾಮಗಾರಿಗೆ ನಪಾಸು. ಇಡೀ ಬಾಕಿಯನ್ನು ನೀವೇ ‘ಬಿ’ಯಲ್ಲಿ ತುಂಬಿದ್ದರೆ ತಪ್ಪು ನಿಮ್ಮದು, ಅವರು ಹಾಗೆ ಕಳೆದಿದ್ದರೆ ನಿಮ್ಮ ಮೇಲ್ಮನವಿಗೆ ಗಟ್ಟಿ ಆಧಾರ ಸಿಕ್ಕಂತೆ.

ಮಾಹಿತಿ ಹಕ್ಕಿನ ಅರ್ಜಿ 10 ರೂಪಾಯಿ ಶುಲ್ಕದೊಂದಿಗೆ, ಒಂದೇ ವಿಷಯ, 150 ಪದದೊಳಗೆ ಇರಲಿ. ‘ಯಾಕೆ ತಿರಸ್ಕರಿಸಿದಿರಿ’ ಎಂದು ಕೇಳಿದರೆ ‘ಪ್ರಶ್ನೆಗೆ ಉತ್ತರಿಸಲು ಬರುವುದಿಲ್ಲ’ ಎಂದು ಜಾರಿಕೊಳ್ಳುತ್ತಾರೆ. ದಾಖಲೆಯ ಹೆಸರು ಹಿಡಿದು ಕೇಳಿ: ಟೆಂಡರ್ ಸಂಖ್ಯೆ ನಮೂದಿಸಿ, ತಾಂತ್ರಿಕ ಮೌಲ್ಯಮಾಪನದ ನಡವಳಿ ಮತ್ತು ತುಲನಾತ್ಮಕ ಪಟ್ಟಿಯ ದೃಢೀಕೃತ ಪ್ರತಿ.

ಪ್ರಶ್ನೆ: ಬಳ್ಳಾರಿಯ ಸರ್ಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಕೆಲಸ ಸಿಕ್ಕಿದೆ. ಏಜೆನ್ಸಿಯವರು ಒಂದು ತಿಂಗಳ ಸಂಬಳ ಡಿಪಾಸಿಟ್, ಜೊತೆಗೆ ಮೂಲ ಅಂಕಪಟ್ಟಿ ಕೇಳುತ್ತಿದ್ದಾರೆ. ಕೊಡಬೇಕೇ?

ಉತ್ತರ: ಎರಡೂ ಬೇಡ. ಮೂಲ ಅಂಕಪಟ್ಟಿ ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ.

ಡಿಪಾಸಿಟ್ ಕೇಳುವುದರ ಮೂಲ ಎಷ್ಟೋ ಸಲ ಟೆಂಡರಿನಲ್ಲೇ ಇರುತ್ತದೆ. ವೇತನ, ಮಾಲೀಕರ ಪಾಲಿನ ಪಿಎಫ್ ಶೇ 12, ಇಎಸ್‌ಐ ಶೇ 3.25 ಮೊದಲೇ ನಿಗದಿಯಾಗಿದ್ದರೆ ಏಜೆನ್ಸಿಗಳು ಪೈಪೋಟಿ ನಡೆಸುವುದು ಸೇವಾ ಶುಲ್ಕದಲ್ಲಿ ಮಾತ್ರ. ಅದನ್ನೂ ಸೊನ್ನೆಗೆ ಇಳಿಸಿ ಗುತ್ತಿಗೆ ಹಿಡಿದವರು ಲಾಭವನ್ನು ನಿಮ್ಮ ಜೇಬಿನಲ್ಲಿ ಹುಡುಕುತ್ತಾರೆ. ಕಡಿಮೆ ದರ ಎಂದು ಕಣ್ಣು ಮುಚ್ಚಿ ಒಪ್ಪಿದ ಕಚೇರಿಯದೂ ಇದರಲ್ಲಿ ಪಾಲಿದೆ.

ಕೆಲಸಕ್ಕೆ ಸೇರಿದ ಮೇಲೆ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಪಾಸ್‌ಬುಕ್ ನೋಡುತ್ತಿರಿ. ಒಂದು ತಿಂಗಳ ಪಿಎಫ್ ಮರುತಿಂಗಳ 15ರೊಳಗೆ ಕಟ್ಟಬೇಕು. ತಿಂಗಳ ಕೊನೆಗೂ ಕಾಣದಿದ್ದರೆ ಕಚೇರಿಯ ಮುಖ್ಯಸ್ಥರಿಗೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಏಜೆನ್ಸಿಯ ಬಿಲ್ ಪಾಸು ಮಾಡುವ ಮೊದಲು ಚಲನ್ ಜೊತೆಗೆ ಇಸಿಆರ್ ಪಟ್ಟಿಯನ್ನೂ (ಯಾರಿಗೆ ಎಷ್ಟು ಪಿಎಫ್ ಕಟ್ಟಿದೆ ಎಂಬ ಹೆಸರುವಾರು ವಿವರ) ನೋಡುವಂತೆ ಅದರಲ್ಲೇ ಬರೆಯಿರಿ. ಚಲನ್‌ನಲ್ಲಿ ಇರುವುದು ಒಟ್ಟು ಮೊತ್ತ; ನಿಮ್ಮ ಹೆಸರು ಬಿಟ್ಟುಹೋಗಿದ್ದರೆ ಗೊತ್ತಾಗುವುದು ಆ ಪಟ್ಟಿಯಲ್ಲೇ.