ಆನ್‌ಲೈನ್ ಚರ್ಚೆಯಿಂದ ಮಕ್ಕಳು ಗಣಿತ ಕಲಿಯುತ್ತಾರೆಯೇ, ಅಥವಾ ಉತ್ತರವನ್ನು ನಕಲು ಮಾಡುತ್ತಾರೆಯೇ?

ಎರಡೂ ಆಗಬಹುದು, ಗುಂಪಿನಲ್ಲಿ ಏನನ್ನು ಹಂಚಿಕೊಳ್ಳುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. 2009ರಲ್ಲಿ ಕೇಂಬ್ರಿಡ್ಜ್‌ನ ಗಣಿತಜ್ಞ ಟಿಮೊಥಿ ಗವರ್ಸ್ ಅಂತರಜಾಲದಲ್ಲಿ ಆರಂಭಿಸಿದ, ಹಲವರು ಕೂಡಿ ಒಂದೇ ಗಣಿತ ಸಮಸ್ಯೆಯನ್ನು ಬಿಡಿಸುವ ಪಾಲಿಮ್ಯಾತ್ ಯೋಜನೆಯಲ್ಲಿ, ಒಬ್ಬರೇ ಕುಳಿತು ಪೂರ್ಣ ಸಾಧನೆಯನ್ನು (ತಾರ್ಕಿಕ ಪುರಾವೆಯನ್ನು) ತರುವ ಬದಲು, ಅರೆಬರೆ ಯೋಚನೆಯನ್ನೂ ಒಡನೆಯೇ ಎಲ್ಲರ ಮುಂದಿಡಬೇಕೆಂಬ ನಿಯಮವಿತ್ತು. ಹೀಗೆ, ಹೇಲ್ಸ್–ಜ್ಯುವೆಟ್ ಪ್ರಮೇಯದ ಸಾಂದ್ರತಾ ರೂಪ ಎಂಬ ಕಠಿಣ ಗಣಿತ ಫಲಿತಾಂಶಕ್ಕೆ ಹೊಸ ಸಾಧನೆಯ ದಾರಿ ಸುಮಾರು 7 ವಾರಗಳಲ್ಲಿ ತೆರೆಯಿತು, ಮತ್ತು ಚರ್ಚಿಸಿದವರಲ್ಲಿ ಪ್ರೌಢಶಾಲೆಯ ಶಿಕ್ಷಕರೂ ಇದ್ದರು. ತರಗತಿಯ ವಾಟ್ಸ್ಆ್ಯಪ್ ಗುಂಪಿಗೂ ಇದೇ ನಿಯಮ ಬೇಕೆಂದು ನಾನು ಬಲವಾಗಿ ನಂಬುತ್ತೇನೆ. 1/2 + 1/3 = 2/5 ಎಂದು ಬರೆದ ಮಗುವಿಗೆ ಸರಿಯುತ್ತರವನ್ನು ಕಳಿಸಿಬಿಡದೆ, ಮೊತ್ತವು ಅರ್ಧಕ್ಕಿಂತಲೂ ಕಡಿಮೆಯಾದದ್ದು ಹೇಗೆ ಎಂದು ಸಹಪಾಠಿ ಕೇಳಿದರೆ, ಕೇಳಿದವರೂ ಉತ್ತರಿಸುವವರೂ ಭಿನ್ನರಾಶಿಯ ಅರ್ಥಕ್ಕೇ ಮರಳಬೇಕಾಗುತ್ತದೆ.